ಲೋಟದೊಳಗಿನ ಚಕ್ಕೋತ: ಅಮೆರಿಕದ ಕ್ರಾಫ್ಟ್ ಬಿಯರ್ ಸವಿಯುವ ಬಗೆ

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರ ಒಂದು ಕೂಟದಲ್ಲಿ ಆಡಿದ ಮಾತುಗಳಿವು. ಬಂದವರೆಲ್ಲರ ಮುಂದೆ ನಾಲ್ಕು ಪುಟ್ಟ ಲೋಟಗಳಿದ್ದವು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಲೋಟಗಳನ್ನು ಎಡದಿಂದ ಬಲಕ್ಕೆ ಜೋಡಿಸಿದ್ದೇವೆ. ಅದೇ ಕ್ರಮದಲ್ಲಿ ಹೋಗೋಣ. ಮೊದಲು ಹಗುರವಾದದ್ದು, ಕೊನೆಗೆ ಗಟ್ಟಿಯಾದದ್ದು. ಆ ಕಪ್ಪು ಬಿಯರ್‌ನಿಂದ ಶುರು ಮಾಡಿದರೆ ಉಳಿದ ಮೂರರ ರುಚಿ ನಾಲಿಗೆಗೆ ಹತ್ತುವುದೇ ಇಲ್ಲ. ಒಂದೊಂದರಲ್ಲೂ ನಾಲ್ಕು ಔನ್ಸ್ ಇದೆ, ಅಂದರೆ ಸುಮಾರು 120 ಮಿ.ಲೀ. ನಾಲ್ಕೂ ಸೇರಿದರೆ ಅಮೆರಿಕದ ಒಂದು ಪೈಂಟ್. ನಡುವೆ ನೀರು ಕುಡಿಯುತ್ತಿರಿ. ಕುಡಿಯದವರೂ ಕೆಲವರು ಬಂದಿದ್ದೀರಿ, ಸಂತೋಷ. ನಿಮ್ಮ ಮುಂದೆಯೂ ಲೋಟ ಇಟ್ಟಿದ್ದೇವೆ. ಯಾಕೆಂದರೆ ಇವತ್ತಿನ ಅರ್ಧಕ್ಕಿಂತ ಜಾಸ್ತಿ ಕೆಲಸ ಮೂಗಿನದು.

ಮೊದಲ ಲೋಟ ಎತ್ತಿಕೊಳ್ಳಿ. ಕುಡಿಯಬೇಡಿ. ಒಂದು ಸುತ್ತು ಅಲ್ಲಾಡಿಸಿ, ಮೂಗಿನ ಹತ್ತಿರ ಹಿಡಿಯಿರಿ. ಉದ್ದವಾಗಿ ಎಳೆಯಬೇಡಿ, ಎರಡು ಮೂರು ಸಣ್ಣ ಉಸಿರು ಸಾಕು. ಏನು ವಾಸನೆ ಬಂತು?

ಹಿಂದಿನಿಂದ ಯಾರೋ ಕಿತ್ತಳೆ ಸಿಪ್ಪೆ ಅಂದರು. ಇಲ್ಲಿ ಮುಂದೆ ಕೂತವರು ಚಕ್ಕೋತ ಅಂದರು. ಇಬ್ಬರೂ ಸರಿ. ಈ ದೇಶದವರು ಇದನ್ನು ಗ್ರೇಪ್‌ಫ್ರೂಟ್ ವಾಸನೆ ಅನ್ನುತ್ತಾರೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ದೇವನಹಳ್ಳಿ ಕಡೆಯ ಚಕ್ಕೋತ ಸುಲಿದು ಗೊತ್ತಿರುವವರಿಗೆ ಬೆರಳಿಗೆ ಅಂಟುವ ಆ ಎಣ್ಣೆಯ ಘಮ ನೆನಪಿಗೆ ಬಂದಿರಬೇಕು. ಇನ್ನೊಂದು ಸಲ ಮೂಸಿ. ಹಿಂದೆ ಸ್ವಲ್ಪ ಪೈನ್ ಮರದ ಅಂಟಿನ ವಾಸನೆಯೂ ಇದೆ. ಇನ್ನೂ ಕೆಳಗೆ ಕಾಸಿದ ಸಕ್ಕರೆಯ ವಾಸನೆ.

ಇದರಲ್ಲಿ ಹಣ್ಣಿನ ರಸ ಒಂದು ಹನಿಯೂ ಇಲ್ಲ. ನೀರು, ಬಾರ್ಲಿ ಮಾಲ್ಟ್, ಹಾಪ್ಸ್, ಈಸ್ಟ್, ಇಷ್ಟೇ. ಇದು ಸಿಯೆರಾ ನೆವಾಡ ಪೇಲ್ ಏಲ್. ಇಲ್ಲಿಂದ ಕೆಲವೇ ಗಂಟೆ ದೂರದ ಚೀಕೋ ಊರಿನದು. ಏಲ್ ಅಂದರೆ ಸ್ವಲ್ಪ ಬೆಚ್ಚಗಿನ ಹದದಲ್ಲಿ ಹುದುಗಿಸುವ ಬಿಯರ್. ಆಲ್ಕೋಹಾಲ್ 5.6 ಶೇಕಡಾ. ಯಾವ ದಿನಸಿ ಅಂಗಡಿಗೆ ಹೋದರೂ ಸಿಗುತ್ತದೆ, ಹಾಗಾಗಿ ಬಹಳ ಜನ ಇದನ್ನು ಗಮನ ಕೊಟ್ಟು ಕುಡಿದೇ ಇರುವುದಿಲ್ಲ. ಕ್ರಾಫ್ಟ್ ಬಿಯರ್ ಅಂದರೆ ಸಣ್ಣ, ಸ್ವತಂತ್ರ ಬಿಯರ್ ಕಾರ್ಖಾನೆಗಳು (ಬ್ರೂವರಿಗಳು) ಮಾಡುವ ಬಿಯರ್. ನನ್ನ ಮಟ್ಟಿಗೆ ಅಮೆರಿಕದ ಕ್ರಾಫ್ಟ್ ಬಿಯರ್ ಕಲಿಯಲು ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. ಈಗ ಒಂದು ಗುಟುಕು ತೆಗೆದುಕೊಳ್ಳಿ. ತಕ್ಷಣ ನುಂಗಬೇಡಿ, ಬಾಯಿ ತುಂಬ ಓಡಾಡಿಸಿ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ವಾಸನೆ ಎರಡನೇ ಸಲ ಬಂತಲ್ವಾ? ನಾವು ರುಚಿ ಅಂತ ಕರೆಯುವುದರಲ್ಲಿ ಬಹುಪಾಲು ಇದೇ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು. ಅಮೆರಿಕದ ಕ್ರಾಫ್ಟ್ ಬಿಯರ್ ಅರ್ಥವಾಗಬೇಕಾದರೆ ಅದನ್ನು ಒಂದು ಬೆಳೆಯಾಗಿ ನೋಡಬೇಕು. ಒಂದು ಮಣ್ಣಿನಲ್ಲಿ ಬೆಳೆದು, ಒಂದು ತಿಂಗಳಲ್ಲಿ ಕೊಯ್ಲಾಗಿ, ದಿನ ಕಳೆದಂತೆ ಘಮ ಕಳೆದುಕೊಳ್ಳುವ ವಸ್ತು ಅದು. ಬ್ರಾಂಡು, ಲೇಬಲ್ಲಿನ ಚಿತ್ರ, ಎಷ್ಟು ಪರ್ಸೆಂಟು, ಇವೆಲ್ಲ ಆಮೇಲಿನ ಮಾತು.

ಬೆಳೆಗಳು ಎರಡು. ಒಂದು ಬಾರ್ಲಿ. ಅದನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್. ನಮ್ಮ ಮನೆಗಳಲ್ಲಿ ರಾಗಿಗೆ ಮಾಡುವುದೂ ಇದೇ ಕೆಲಸ, ಬಿಡಿಸಿ ಹೇಳಬೇಕಾಗಿಲ್ಲ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಹಿಟ್ಟಿನಂಶವನ್ನು ಸಕ್ಕರೆ ಮಾಡುತ್ತವೆ, ಈಸ್ಟ್ ಆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಮಾಲ್ಟನ್ನು ಎಷ್ಟು ಹುರಿಯುತ್ತಾರೆ ಅನ್ನುವುದರ ಮೇಲೆ ಬಣ್ಣ. ಬಿಸ್ಕತ್ತಿನಿಂದ ಕಾಫಿಯವರೆಗಿನ ರುಚಿಗಳೆಲ್ಲ ಅಲ್ಲಿಂದಲೇ ಬರುತ್ತವೆ.

ಇನ್ನೊಂದು ಹಾಪ್ಸ್. ಇದು ಬಳ್ಳಿ, ಗಾಂಜಾ ಗಿಡದ ಹತ್ತಿರದ ನೆಂಟ, ಆದರೆ ಅಮಲಿನ ಗುಣ ಇಲ್ಲ. ಹೆಣ್ಣು ಬಳ್ಳಿಯಲ್ಲಿ ಬಿಡುವ ಹಸಿರು ಹೂವೇ ಬೇಕಾದದ್ದು. ಹೆಬ್ಬೆರಳಿನಷ್ಟು ಉದ್ದ, ಎಸಳಿನ ಮೇಲೆ ಎಸಳು. ನಾನು ಒಂದು ಡಬ್ಬಿಯಲ್ಲಿ ಒಣಗಿದ ಹೂಗಳನ್ನು ತಂದಿದ್ದೇನೆ, ಸಾಲಿನಲ್ಲಿ ದಾಟಿಸಿ. ಒಂದನ್ನು ತೆಗೆದು ಉದ್ದಕ್ಕೆ ಸೀಳಿ ನೋಡಿ. ಎಸಳಿನ ಬುಡದಲ್ಲಿ ಹಳದಿ ಪುಡಿ ಕಾಣುತ್ತದೆ. ಅದರ ಹೆಸರು ಲುಪ್ಯುಲಿನ್. ಎರಡು ಅಂಗೈ ನಡುವೆ ಜೋರಾಗಿ ಉಜ್ಜಿ. ಕೈ ಅಂಟಂಟಾಯಿತಲ್ಲ? ಈಗ ಅಂಗೈ ಮೂಸಿ. ಲೋಟದಲ್ಲಿದ್ದ ಚಕ್ಕೋತ ಅಲ್ಲಿದೆ. ಹಾಪ್ಸ್ ಕೊಳ್ಳಲು ಬರುವ ಬ್ರೂವರ್‌ಗಳು, ಅಂದರೆ ಬಿಯರ್ ತಯಾರಿಸುವವರು, ಮಾಡುವ ಪರೀಕ್ಷೆಯೂ ಇದೇ. ಕೊಯ್ಲಿನ ಕಾಲದಲ್ಲಿ ಮೇಜಿನ ಸುತ್ತ ನಿಂತು, ಉಜ್ಜಿ, ಮೂಸಿ, ಯಾವ ತೋಟದ ಮಾಲು ಬೇಕು ಅಂತ ಆರಿಸುತ್ತಾರೆ.

ಆ ಹಳದಿ ಪುಡಿಯಲ್ಲಿ ಎರಡು ಸಂಗತಿ ಇವೆ. ಒಂದು ಆಲ್ಫಾ ಆಮ್ಲಗಳು. ಇವನ್ನು ಕುದಿಸಿದರೆ ಮಾತ್ರ ಕಹಿ ಬಿಡುತ್ತವೆ. ಇನ್ನೊಂದು ಸುಗಂಧದ ಎಣ್ಣೆಗಳು. ಇವು ಕುದಿಸಿದರೆ ಆವಿಯಾಗಿ ಹೋಗುತ್ತವೆ. ಬ್ರೂವರ್‌ನ ಕಸುಬೆಲ್ಲ ಈ ಎರಡರ ನಡುವೆ ಇದೆ. ಹಂಡೆ ಕುದಿಯಲು ಶುರುವಾದಾಗ ಹಾಕಿದ ಹಾಪ್ಸ್ ಕಹಿ ಕೊಡುತ್ತದೆ. ಇಳಿಸುವ ಹೊತ್ತಿಗೆ ಹಾಕಿದ್ದು ಘಮ ಕೊಡುತ್ತದೆ. ತಣ್ಣಗಾಗಿ ಹುದುಗಿದ ಮೇಲೆ ಹಾಕಿದರೆ, ಅದಕ್ಕೆ ಡ್ರೈ ಹಾಪಿಂಗ್ ಅನ್ನುತ್ತಾರೆ, ಘಮ ಇನ್ನೂ ಜಾಸ್ತಿ. ಇಷ್ಟು ಗೊತ್ತಿದ್ದರೆ ಇವತ್ತಿನ ಮೊದಲ ಮೂರು ಲೋಟಗಳ ವ್ಯತ್ಯಾಸ ನಿಮಗೆ ನೀವೇ ಹೇಳಿಕೊಳ್ಳಬಹುದು.

ಈಗ ನಿಮ್ಮ ಕೈಯಲ್ಲಿರುವ ಹೂವಿನ ಕಥೆ. ಇದರ ಹೆಸರು ಕ್ಯಾಸ್ಕೇಡ್. ಹಿಂದೆಲ್ಲ ಒಳ್ಳೆಯ ಹಾಪ್ಸ್ ಅಂದರೆ ಜರ್ಮನಿಯದು, ಬೊಹೀಮಿಯಾದ್ದು ಅಂತಲೇ ಲೆಕ್ಕ. ಅಮೆರಿಕದಲ್ಲಿ ಬೆಳೆದದ್ದು ಒರಟು, ಕಹಿಗೆ ಮಾತ್ರ ಸಾಕು, ಪರಿಮಳಕ್ಕೆ ಬೇಡ ಅನ್ನುವ ಮಾತಿತ್ತು. ಆರೆಗನ್ ರಾಜ್ಯದ ಕೊರ್ವಾಲಿಸ್‌ನಲ್ಲಿ ಸರ್ಕಾರದ ಕೃಷಿ ಇಲಾಖೆಯ ತಳಿ ಸಂಶೋಧನೆ ನಡೆಯುತ್ತಿತ್ತು. 1956ರಲ್ಲಿ ಅಲ್ಲಿ ಮಾಡಿದ ಒಂದು ಬೆರಕೆ ಹೊಲಕ್ಕೆ ಬಂದದ್ದು 1972ರಲ್ಲಿ. ಹದಿನಾರು ವರ್ಷ! ಇಂಗ್ಲೆಂಡಿನ ಫಗಲ್ ತಳಿ, ರಷ್ಯಾದ ಒಂದು ತಳಿ, ಎರಡರ ರಕ್ತವೂ ಇದರಲ್ಲಿದೆ. ದೊಡ್ಡ ಕಂಪನಿಗಳು ಇದನ್ನು ಜರ್ಮನ್ ಹಾಪ್ಸ್‌ಗೆ ಬದಲಿಯಾಗಿ ನೋಡಿದವು. ಆದರೆ ಇದು ಜರ್ಮನ್ ಹಾಪ್ಸ್‌ನಂತೆ ಮೃದುವಾಗಿ ಹೂವಿನ ವಾಸನೆ ಬೀರಿ ಸುಮ್ಮನಿರುವ ಜಾತಿಯಲ್ಲ. ಚಕ್ಕೋತದ ವಾಸನೆ ಎದ್ದು ಹೊಡೆಯುತ್ತದೆ.

ಆ ವಾಸನೆಯನ್ನು ಮುಚ್ಚಿಡದೆ ಮುಂದಕ್ಕೆ ತಂದವರು ಸಣ್ಣವರು. ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂಯಿಂಗ್ 1975ರಲ್ಲಿ ಲಿಬರ್ಟಿ ಏಲ್ ಮಾಡಿತು. ಅದಕ್ಕೆ ಕ್ಯಾಸ್ಕೇಡ್ ಹಾಕಿ ಡ್ರೈ ಹಾಪಿಂಗ್ ಮಾಡಿದರು. ಆಮೇಲೆ ಚೀಕೋದಲ್ಲಿ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯೆರಾ ನೆವಾಡ ಶುರು ಮಾಡಿದರು. ಹಾಲಿನ ಡೈರಿಯ ಹಳೆಯ ಟ್ಯಾಂಕುಗಳನ್ನು ಕೊಂಡು ತಂದು, ತಾವೇ ವೆಲ್ಡಿಂಗ್ ಮಾಡಿ ಜೋಡಿಸಿಕೊಂಡರು. ಪೇಲ್ ಏಲ್ ಪ್ರತಿ ಸಲವೂ ಒಂದೇ ರೀತಿ ಬರುವವರೆಗೆ ಬ್ಯಾಚ್ ಮೇಲೆ ಬ್ಯಾಚ್ ಚರಂಡಿಗೆ ಸುರಿದರು. ದುಡ್ಡಿಲ್ಲದ ಕಾಲದಲ್ಲಿ ಹಾಗೆ ಸುರಿಯುವುದಕ್ಕೆ ಎದೆ ಬೇಕು. ಇವತ್ತಿಗೂ ಆ ಬಿಯರ್‌ನ ಗುಣ ಬದಲಾಗದೆ ನಿಂತಿರುವುದಕ್ಕೆ ಆ ಹಟವೇ ಕಾರಣ ಅಂತ ನಾನು ನಂಬಿದ್ದೇನೆ.

ಇದೆಲ್ಲ ಯಾಕೆ ಅಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದರೆ ಆಗಿನ ಸ್ಥಿತಿ ಗೊತ್ತಿರಬೇಕು. 1873ರಲ್ಲಿ ಈ ದೇಶದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿದ್ದವು. 1920ರಿಂದ 1933ರವರೆಗೆ ಪಾನನಿಷೇಧ. ಅದು ಮುಗಿದ ಮೇಲೆ ಉಳಿದವರಲ್ಲಿ ದೊಡ್ಡವರು ಸಣ್ಣವರನ್ನು ನುಂಗುತ್ತಾ ಬಂದರು. 1970ರ ದಶಕ ಮುಗಿಯುವ ಹೊತ್ತಿಗೆ ಇಡೀ ದೇಶದಲ್ಲಿ ನೂರು ಬ್ರೂವರಿಗಳೂ ಇರಲಿಲ್ಲ. ಎಲ್ಲರೂ ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಬಿಯರ್. ತೆಳು ಹಳದಿ, ಐಸ್‌ನಷ್ಟು ತಣ್ಣಗೆ, ಮೆಕ್ಕೆಜೋಳ ಅಥವಾ ಅಕ್ಕಿ ಬೆರೆಸಿದ ಲಾಗರ್, ಅಂದರೆ ತಣ್ಣಗಿನ ಹದದಲ್ಲಿ ಹುದುಗಿಸುವ ಬಿಯರ್. ಮೆಕ್ಕೆಜೋಳ, ಅಕ್ಕಿ ಬೆರೆಸುವುದು ಮೋಸ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯಿಂದ ಬಂದ ಬ್ರೂವರ್‌ಗಳಿಗೆ ಇಲ್ಲಿ ಸಿಕ್ಕ ಬಾರ್ಲಿಯಲ್ಲಿ ಪ್ರೋಟೀನ್ ಜಾಸ್ತಿ ಇತ್ತು. ಬಿಯರ್ ತಿಳಿಯಾಗಲು ಅವರು ಕಂಡುಕೊಂಡ ದಾರಿ ಅದು. ಅಂಥ ತೆಳು ಬಿಯರ್‌ನಲ್ಲಿ ಸಣ್ಣ ದೋಷವನ್ನೂ ಮುಚ್ಚಲಾಗುವುದಿಲ್ಲ, ಹಾಗಾಗಿ ಮಾಡುವುದು ಕಷ್ಟವೇ. ಬೇಸರದ ಸಂಗತಿ ಅಂದರೆ ಅದೊಂದೇ ಉಳಿದದ್ದು.

ಆಂಕರ್ ಕೂಡ ಮುಚ್ಚುವ ಅಂಚಿಗೆ ಬಂದಿತ್ತು. ವಾಷಿಂಗ್ ಮೆಷಿನ್ ಮಾಡುವ ಮೇಟ್ಯಾಗ್ ಮನೆತನದ ಹುಡುಗ ಫ್ರಿಟ್ಸ್ ಮೇಟ್ಯಾಗ್ 1965ರಲ್ಲಿ ಅದನ್ನು ಕೊಂಡು ಉಳಿಸಿದರು. ಅದು ಹಳೆಯದನ್ನು ಉಳಿಸಿದ ಕಥೆ. ಏನೂ ಇಲ್ಲದ ಕಡೆ ಹೊಸದಾಗಿ ಕಟ್ಟಿದವರು ಜ್ಯಾಕ್ ಮೆಕಾಲಿಫ್. ಅವರು ಅಮೆರಿಕದ ನೌಕಾಪಡೆಯಲ್ಲಿದ್ದಾಗ ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡಿದ್ದರು. ಅಲ್ಲಿನ ಏಲ್ ರುಚಿ ಹತ್ತಿತ್ತು, ಊರಿಗೆ ಬಂದರೆ ಸಿಗುವುದಿಲ್ಲ. 1976ರಲ್ಲಿ ಇಲ್ಲೇ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ಅಂತ ಶುರು ಮಾಡಿದರು. ಆಗ ಅಷ್ಟು ಸಣ್ಣ ಬ್ರೂವರಿಗೆ ಬೇಕಾದ ಸಾಮಾನು ಯಾರೂ ಮಾಡುತ್ತಿರಲಿಲ್ಲ. ತಂಪು ಪಾನೀಯದ ಸಿರಪ್ ತುಂಬುತ್ತಿದ್ದ ಸ್ಟೀಲ್ ಡ್ರಮ್ಮುಗಳನ್ನು ಕತ್ತರಿಸಿ ಬೆಸುಗೆ ಹಾಕಿಕೊಂಡರು. ಗ್ರಾಸ್‌ಮನ್ ತಮ್ಮ ಬ್ರೂವರಿ ಕಟ್ಟುವ ಮೊದಲು ಅಲ್ಲಿಗೆ ಹೋಗಿ ನೋಡಿಕೊಂಡು ಬಂದಿದ್ದರು. ನ್ಯೂ ಆಲ್ಬಿಯನ್‌ಗೆ ಬ್ಯಾಂಕ್ ಸಾಲ ಸಿಗಲಿಲ್ಲ, 1982ರಲ್ಲಿ ನಿಂತುಹೋಯಿತು.

ನಮ್ಮ ಊರಿನ ನಂಟು ಬರುವುದು ಇಲ್ಲಿ. ನ್ಯೂ ಆಲ್ಬಿಯನ್‌ನ ಸಾಮಾನು, ಅಲ್ಲಿ ಕೆಲಸ ಮಾಡಿದ ಜನ, ಅವರ ಈಸ್ಟ್, ಎಲ್ಲ ಹಾಪ್‌ಲೆಂಡ್ ಅನ್ನುವ ಊರಿಗೆ ಹೋದವು. ಅಲ್ಲಿ 1983ರಲ್ಲಿ ಮೆಂಡೊಸೀನೋ ಬ್ರೂಯಿಂಗ್ ಕಂಪನಿ ಶುರುವಾಯಿತು. ತಾನೇ ತಯಾರಿಸಿ ತನ್ನ ಪಬ್ಬಿನಲ್ಲೇ ಮಾರುವುದನ್ನು ಕ್ಯಾಲಿಫೋರ್ನಿಯಾದಲ್ಲಿ ಪಾನನಿಷೇಧದ ನಂತರ ಮೊದಲು ಮಾಡಿದ್ದು ಅವರು. 1997ರಲ್ಲಿ ಆ ಕಂಪನಿ ಬೆಂಗಳೂರಿನ ಯುಬಿ ಗ್ರೂಪ್‌ನ ಕೈಗೆ ಬಂತು. ಅಮೆರಿಕದಲ್ಲಿ ಮಾರುವ ಕಿಂಗ್‌ಫಿಷರ್ ಕೂಡ ಆಮೇಲೆ ಅವರ ಬ್ರೂವರಿಯಲ್ಲೇ ತಯಾರಾಗುತ್ತಿತ್ತು. 2018ರಲ್ಲಿ ಮೆಂಡೊಸೀನೋ ಬಾಗಿಲು ಹಾಕಿತು. ಅಮೆರಿಕದ ಮೊದಲ ಹೊಸಗಾಲದ ಸಣ್ಣ ಬ್ರೂವರಿಯ ವಂಶಕ್ಕೆ ಬೆಂಗಳೂರಿನ ಒಡೆತನ ಇತ್ತು ಅನ್ನುವುದು ಇಲ್ಲಿನ ಕನ್ನಡಿಗರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ನನಗೆ ಇದನ್ನು ಹೇಳುವುದು ಅಂದರೆ ಬಹಳ ಇಷ್ಟ.

ಒಂದು ಕಾನೂನಿನ ಮಾತು ಹೇಳಿ ಮುಂದೆ ಹೋಗುತ್ತೇನೆ. ಪಾನನಿಷೇಧ ಮುಗಿದಾಗ ಮನೆಯಲ್ಲಿ ವೈನ್ ಮಾಡಲು ಒಪ್ಪಿಗೆ ಸಿಕ್ಕಿತು, ಬಿಯರ್‌ಗೆ ಸಿಗಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನು ಅದನ್ನು ಸರಿ ಮಾಡಿತು. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರುವ ಹಾಗಿಲ್ಲ. ಆಮೇಲೆ ಬಂದ ಬ್ರೂವರ್‌ಗಳಲ್ಲಿ ಬಹುಪಾಲು ಜನ ಕಲಿತದ್ದು ಅಡುಗೆಮನೆ, ಗ್ಯಾರೇಜುಗಳಲ್ಲಿ. ಇವತ್ತು ದೇಶದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿವೆ.

ಬನ್ನಿ, ಎರಡನೇ ಲೋಟ. ಇದು ವೆಸ್ಟ್ ಕೋಸ್ಟ್ ಮಾದರಿಯ ಡಬಲ್ ಐಪಿಎ. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಜಾಸ್ತಿ ಹಾಕುವ ಏಲ್. ಡಬಲ್ ಅಂದರೆ ಹಾಪ್ಸೂ ಆಲ್ಕೋಹಾಲೂ ಇನ್ನೂ ಜಾಸ್ತಿ. ಸ್ಯಾಂಟಾ ರೋಸಾದ ರಷ್ಯನ್ ರಿವರ್ ಬ್ರೂವರಿಯ ಪ್ಲಿನಿ ದಿ ಎಲ್ಡರ್. ಬೆಳಕಿಗೆ ಹಿಡಿದು ನೋಡಿ, ಎಷ್ಟು ತಿಳಿ! ಆಚೆ ಕೂತವರ ಮುಖ ಕಾಣುತ್ತದೆ. ಮೂಸಿ. ಮೊದಲನೆಯದರಲ್ಲಿ ಹಿಂದೆ ನಿಂತಿದ್ದ ಪೈನ್ ಇಲ್ಲಿ ಮುಂದೆ ಬಂದಿದೆ. ಈಗ ಗುಟುಕು. ಕಹಿ ನಾಲಿಗೆಯ ಹಿಂಭಾಗದಲ್ಲಿ ಕೂತು ಬಹಳ ಹೊತ್ತು ಉಳಿಯುತ್ತದೆ. ಸಿಹಿ ಹೆಚ್ಚಿಲ್ಲ. ಮಾಲ್ಟ್ ಹಿಂದೆ ಸರಿದು ಹಾಪ್ಸ್‌ಗೆ ಜಾಗ ಬಿಟ್ಟಿದೆ. ಎಂಟು ಶೇಕಡಾ ಆಲ್ಕೋಹಾಲ್ ಇದ್ದರೂ ಬಾಯಿಗೆ ಭಾರ ಅನ್ನಿಸುವುದಿಲ್ಲ, ಎಚ್ಚರ ಇರಬೇಕಾದದ್ದು ಅದಕ್ಕೇ. ಇದನ್ನು ಮಾಡುವ ವಿನ್ನಿ ಚಿಲೂರ್ಜೊ 1994ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾದಲ್ಲಿ ಮಾಡಿದ ಬಿಯರನ್ನೇ ಮೊದಲ ಡಬಲ್ ಐಪಿಎ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ.

ಕಹಿ ಇಷ್ಟವಾಗದವರು ಮುಖ ಸಿಂಡರಿಸಿದ್ದು ನೋಡಿದೆ. ಪರವಾಗಿಲ್ಲ. ಮೂರು ಗುಟುಕು ಆಗಲಿ, ನಡುವೆ ನೀರು ಕುಡಿಯಿರಿ. ಹಾಗಲಕಾಯಿ ಗೊಜ್ಜು ತಿಂದು ಬೆಳೆದ ನಾಲಿಗೆಗೆ ಇದು ಅಸಾಧ್ಯ ಏನಲ್ಲ. ಆಮೇಲೂ ಹಿಡಿಸದಿದ್ದರೆ ಬಿಟ್ಟುಬಿಡಿ. ಎಲ್ಲವನ್ನೂ ಮೆಚ್ಚಲೇಬೇಕು ಅಂತ ಯಾವ ನಿಯಮವೂ ಇಲ್ಲ.

ತಿಂಡಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮವರ ಮನೆಗಳಲ್ಲಿ ಬಿಯರ್ ಜೊತೆ ಮೆಣಸಿನಕಾಯಿ ಬಜ್ಜಿ ಬಂದೇ ಬರುತ್ತದೆ. ಡಬಲ್ ಐಪಿಎ ಜೊತೆ ಬೇಡ. ಆಲ್ಕೋಹಾಲ್ ಮತ್ತು ಕಹಿ ಎರಡೂ ಖಾರವನ್ನು ಕೆರಳಿಸುತ್ತವೆ, ಬಾಯಿ ಉರಿಯುತ್ತದೆ, ಬಿಯರ್‌ನ ಘಮವೂ ಸಿಗುವುದಿಲ್ಲ. ಖಾರಕ್ಕೆ ಗೋಧಿ ಬಿಯರ್ ಸರಿ. ಮೇನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ 1995ರಿಂದ ಮಾಡುತ್ತಿರುವ ಅಲಗಾಶ್ ವೈಟ್ ಸಿಕ್ಕರೆ ತಗೊಳ್ಳಿ. ಅದಕ್ಕೆ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಹಾಕುತ್ತಾರೆ. ಬಿಸಿಬೇಳೆಬಾತಿನ ಜೊತೆ ಅದು ಹೊಂದುವ ಹಾಗೆ ಬೇರೆ ಯಾವುದೂ ಹೊಂದಿದ್ದನ್ನು ನಾನು ಕಂಡಿಲ್ಲ. ಪೇಲ್ ಏಲ್‌ಗೆ ಕಾಂಗ್ರೆಸ್ ಕಡಲೇಕಾಯಿ ಸಾಕು.

ಮೂರನೇ ಲೋಟ. ಬೆಳಕಿಗೆ ಹಿಡಿಯಿರಿ. ಏನೂ ಕಾಣುವುದಿಲ್ಲ, ಮಾವಿನ ಹಣ್ಣಿನ ರಸದ ಹಾಗೆ ಮಬ್ಬು. ಇದೂ ಐಪಿಎ, ಆದರೆ ನ್ಯೂ ಇಂಗ್ಲೆಂಡ್ ಮಾದರಿಯದು, ಹೇಜಿ ಅನ್ನುತ್ತಾರೆ. ಇದು ಪಕ್ಕದ ಊರಿನ ಒಂದು ಸಣ್ಣ ಟ್ಯಾಪ್‌ರೂಮಿನದು (ಬ್ರೂವರಿಯವರೇ ತಮ್ಮ ಬಿಯರ್ ಕೊಡುವ ಜಾಗ), ಇದೇ ವಾರ ಕ್ಯಾನ್ ಆಗಿದೆ. ಬಾರ್ಲಿಯ ಜೊತೆ ಓಟ್ಸ್, ಗೋಧಿ ಸೇರಿಸುತ್ತಾರೆ. ಆ ಪ್ರೋಟೀನ್ ಹಾಪ್ಸ್‌ನ ಒಗರಿನ ಅಂಶದ ಜೊತೆ ಸೇರಿ ಮಬ್ಬಾಗುತ್ತದೆ, ಬಾಯಿಗೆ ನುಣುಪು ಕೊಡುತ್ತದೆ. ಹಂಡೆ ಕುದಿಯುವಾಗ ಹಾಪ್ಸ್ ಬಹಳ ಕಡಿಮೆ, ಕುದಿ ಇಳಿದ ಮೇಲೆ ರಾಶಿ ರಾಶಿ. ಅದಕ್ಕೇ ಕಹಿ ಕಡಿಮೆ, ಘಮ ಜಾಸ್ತಿ. ಮಾವು, ಸೀಬೆ, ಅನಾನಸ್, ಏನು ಬೇಕಾದರೂ ಹೇಳಿ, ಸರಿಯೇ. ಸಿಟ್ರಾ, ಮೊಸಾಯಿಕ್ ಅನ್ನುವ ಹೊಸ ತಳಿಗಳು ಈ ರುಚಿಗೆ ಕಾರಣ. ಎರಡೂ ಬಂದದ್ದು ಈ ಶತಮಾನದಲ್ಲಿ.

ಈ ಮಾದರಿ ಹುಟ್ಟಿದ್ದು ವರ್ಮಾಂಟ್ ರಾಜ್ಯದ ವಾಟರ್‌ಬರಿಯಲ್ಲಿ. ಅಲ್ಲಿ ಜಾನ್ ಕಿಮಿಚ್ ಮತ್ತು ಅವರ ಹೆಂಡತಿ ಜೆನ್ ದಿ ಆಲ್ಕೆಮಿಸ್ಟ್ ಅನ್ನುವ ಪಬ್ ನಡೆಸುತ್ತಿದ್ದರು. ಹೆಡಿ ಟಾಪರ್ ಅನ್ನುವ ಅವರ ಬಿಯರ್ ಅಲ್ಲಿ ಮಾತ್ರ ಸಿಗುತ್ತಿತ್ತು. 2011ರ ಆಗಸ್ಟ್‌ನಲ್ಲಿ ಐರೀನ್ ಚಂಡಮಾರುತದ ಮಳೆಗೆ ಹೊಳೆ ಉಕ್ಕಿ ಪಬ್ ಮುಳುಗಿತು. ಅದೇ ಊರಿನಲ್ಲಿ ಕ್ಯಾನ್ ತುಂಬುವ ಘಟಕ ಶುರುವಾಗುವುದರಲ್ಲಿತ್ತು. ಕೆಲವೇ ದಿನಗಳಲ್ಲಿ ಹೆಡಿ ಟಾಪರ್ ಕ್ಯಾನ್‌ನಲ್ಲಿ ಹೊರಬಂತು. ಜನ ಬೇರೆ ರಾಜ್ಯಗಳಿಂದ ಕಾರಿನಲ್ಲಿ ಬಂದು ಕೊಂಡೊಯ್ಯತೊಡಗಿದರು. ಆಮೇಲೆ ದೇಶದ ತುಂಬ ಎಲ್ಲರೂ ಮಬ್ಬು ಬಿಯರ್ ಮಾಡಲು ನಿಂತರು. ಸ್ಪರ್ಧೆಗಳಿಗೆ ಮಾದರಿ ಪಟ್ಟಿ ಮಾಡುವ ಬ್ರೂವರ್ಸ್ ಅಸೋಸಿಯೇಷನ್ ಇದನ್ನು 2018ರಲ್ಲಿ ಪಟ್ಟಿಗೆ ಸೇರಿಸಿತು.

ತಾಜಾತನ ಅಂತ ನಾನು ಪದೇ ಪದೇ ಹೇಳುವುದು ಈ ಲೋಟದ ದೆಸೆಯಿಂದ. ಮಬ್ಬು ಐಪಿಎಗೆ ಗಾಳಿ ಅಂದರೆ ಆಗುವುದಿಲ್ಲ. ಆಮ್ಲಜನಕ ಸ್ವಲ್ಪ ಸೇರಿದರೂ ಬಣ್ಣ ಕಂದು ತಿರುಗುತ್ತದೆ, ಮಾವು ಹೋಗಿ ಬರೀ ಸಪ್ಪೆ ಸಿಹಿ ಉಳಿಯುತ್ತದೆ. ಅಂಗಡಿಯಲ್ಲಿ ಕ್ಯಾನ್ ಎತ್ತಿದ ಕೂಡಲೇ ತಳ ತಿರುಗಿಸಿ ನೋಡಿ. ಕ್ಯಾನ್ ತುಂಬಿದ ತಾರೀಕು ಇರುತ್ತದೆ. ಹೇಜಿ ಆದರೆ ಒಂದು ತಿಂಗಳೊಳಗಿನದು ತಗೊಳ್ಳಿ, ಬೇರೆ ಐಪಿಎ ಆದರೆ ಮೂರು ತಿಂಗಳೊಳಗಿನದು. ತಾರೀಕೇ ಇಲ್ಲದಿದ್ದರೆ ವಾಪಸ್ ಇಡಿ. ಸ್ಯಾನ್ ಡಿಯೇಗೊ ಕಡೆಯ ಸ್ಟೋನ್ ಬ್ರೂಯಿಂಗ್ ಈ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಇಂಥ ದಿನದೊಳಗೆ ಕುಡಿಯಿರಿ ಅನ್ನುವ ತಾರೀಕನ್ನೇ ಒಂದು ಐಪಿಎಗೆ ಹೆಸರಾಗಿ ಇಟ್ಟಿತು.

ಬೆಳಕೂ ಶತ್ರು. ಹಾಪ್ಸ್‌ನ ಕಹಿ ಅಂಶದ ಮೇಲೆ ಬಿಸಿಲು ಅಥವಾ ಟ್ಯೂಬ್‌ಲೈಟ್ ಬಿದ್ದರೆ ಗಂಧಕ ಸೇರಿದ ಒಂದು ವಸ್ತು ಹುಟ್ಟುತ್ತದೆ. ರಾತ್ರಿ ಹೈವೇಯಲ್ಲಿ ಕಾರಿನೊಳಗೆ ನುಗ್ಗುವ ಸ್ಕಂಕ್ ಅನ್ನುವ ಪ್ರಾಣಿಯ ವಾಸನೆ ಇಲ್ಲಿ ಎಲ್ಲರಿಗೂ ಗೊತ್ತು, ಅಂಥದ್ದೇ ವಾಸನೆ. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗು ಹಿಡಿದುಬಿಡುತ್ತದೆ. ಹಸಿರು ಬಾಟಲಿ, ಬಿಳಿ ಬಾಟಲಿ ಇದನ್ನು ತಡೆಯುವುದಿಲ್ಲ. ಕಂದು ಬಾಟಲಿ ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ಕ್ಯಾನ್ ಅಂದರೆ ಕೀಳು ಅನ್ನುವ ಭಾವನೆ ಇದ್ದವರು ದಯವಿಟ್ಟು ಬಿಡಿ. ಇನ್ನು, ಹಳೆಯ ರಟ್ಟಿನ ವಾಸನೆ ಬಂದರೆ ಬಿಯರ್ ಹಳತಾಗಿದೆ. ಬೆಣ್ಣೆಯ ವಾಸನೆ ಬಂದರೆ ಹುದುಗುವ ಕೆಲಸ ಸರಿಯಾಗಿ ಮುಗಿದಿಲ್ಲ, ಇಲ್ಲವೇ ನಲ್ಲಿಯ ಪೈಪು ತೊಳೆದಿಲ್ಲ. ಟ್ಯಾಪ್‌ರೂಮಿನಲ್ಲಿ ಹಾಗಾದರೆ ಸಂಕೋಚ ಬೇಡ, ಹೇಳಿ. ಒಳ್ಳೆಯ ಕಡೆ ಬದಲಿಸಿ ಕೊಡುತ್ತಾರೆ.

ಕೊನೆಯ ಲೋಟ. ಇದು ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆಯಾಗಿದೆ, ಬೇಕೆಂದೇ. ತೀರಾ ತಣ್ಣಗಿದ್ದರೆ ವಾಸನೆ ಮೇಲೇಳುವುದಿಲ್ಲ. ಇದು ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಸ್ಟೌಟ್, ಅಂದರೆ ಹುರಿದ ಬಾರ್ಲಿಯ ಕಪ್ಪು ಬಿಯರ್. ಮೂಸಿದರೆ ವೆನಿಲಾ, ತೆಂಗಿನಕಾಯಿ, ಸುಟ್ಟ ಕಟ್ಟಿಗೆ, ಕಾಫಿ, ಒಳಗೆಲ್ಲೋ ಬೆಲ್ಲದ ಪಾಕ. ಕಾಫಿ ಹಾಕಿಲ್ಲ, ಚೆನ್ನಾಗಿ ಹುರಿದ ಬಾರ್ಲಿ ಅದು. ವೆನಿಲಾ, ತೆಂಗು ಬಂದದ್ದು ಓಕ್ ಮರದಿಂದ.

ಈ ಬಗೆಯ ಬಿಯರ್ ಅಮೆರಿಕದಲ್ಲೇ ಯಾಕೆ ಬೆಳೆಯಿತು ಅನ್ನುವುದಕ್ಕೆ ಒಂದು ಚೆಂದದ ಕಾರಣವಿದೆ. ಬರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟ ಹೊಸ ಓಕ್ ಪಾತ್ರೆಯಲ್ಲೇ ಇಡಬೇಕು ಅಂತ ಇಲ್ಲಿನ ಕಾನೂನು. ಒಮ್ಮೆ ಬಳಸಿದ ಪೀಪಾಯಿ ಬರ್ಬನ್‌ಗೆ ಮತ್ತೆ ಬರುವುದಿಲ್ಲ. ಕೆಂಟಕಿಯಲ್ಲಿ ಖಾಲಿ ಪೀಪಾಯಿಗಳ ರಾಶಿ ಬಿದ್ದಿರುತ್ತದೆ. 1990ರ ದಶಕದಲ್ಲಿ ಶಿಕಾಗೋದ ಗೂಸ್ ಐಲೆಂಡ್ ಬ್ರೂವರಿಯ ಗ್ರೆಗ್ ಹಾಲ್ ಅಂಥ ಪೀಪಾಯಿಗಳಿಗೆ ಗಟ್ಟಿ ಸ್ಟೌಟ್ ತುಂಬಿಸಿದರು. ಮರ ಹೀರಿಕೊಂಡಿದ್ದ ವಿಸ್ಕಿಯೂ ಮರದ ಸಾರವೂ ಬಿಯರ್‌ಗೆ ಇಳಿಯಿತು. ಈ ಜಾತಿಗೆ ತಾಜಾತನದ ನಿಯಮ ಇಲ್ಲ, ತಂಪಾದ ಕತ್ತಲೆ ಜಾಗದಲ್ಲಿ ವರ್ಷಗಟ್ಟಲೆ ಇಡಬಹುದು. ಒಬ್ಬರೇ ಒಂದು ಬಾಟಲಿ ಮುಗಿಸುವ ಬಿಯರ್ ಅಲ್ಲ. ನಾಲ್ಕು ಜನ ಸೇರಿ ಒಂದು ತೆರೆಯಿರಿ. ಒಬ್ಬಟ್ಟಿನ ಜೊತೆ ಬಹಳ ಚೆನ್ನಾಗಿರುತ್ತದೆ.

ಪ್ರಮಾಣದ ಲೆಕ್ಕ ತಿಳಿದಿರಲಿ. ಇಲ್ಲಿನ ಒಂದು ಡ್ರಿಂಕ್ ಅಂದರೆ ಐದು ಶೇಕಡಾದ ಹನ್ನೆರಡು ಔನ್ಸ್ ಬಿಯರ್. ಎಂಟು ಶೇಕಡಾದ ಒಂದು ಪೈಂಟ್ ಅಂದರೆ ಎರಡು ಡ್ರಿಂಕ್‌ಗಿಂತ ಜಾಸ್ತಿ. ನೋಡಲು ಒಂದೇ ಲೋಟ, ಒಳಗಿನ ಲೆಕ್ಕ ಬೇರೆ. ವಾಪಸ್ ಹೋಗುವಾಗ ಕಾರು ಯಾರು ಓಡಿಸುತ್ತಾರೆ ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು.

ಇನ್ನು ಪ್ರಶ್ನೆಗಳು.

ದೊಡ್ಡ ಕಂಪನಿ ಕೊಂಡುಕೊಂಡರೆ ಅದು ಕ್ರಾಫ್ಟ್ ಬಿಯರ್ ಹೌದೋ ಅಲ್ಲವೋ ಅಂತ ಒಬ್ಬರು ಕೇಳಿದರು. ಬ್ರೂವರ್ಸ್ ಅಸೋಸಿಯೇಷನ್ ಪ್ರಕಾರ ಅಲ್ಲ. ವರ್ಷಕ್ಕೆ 60 ಲಕ್ಷ ಬ್ಯಾರೆಲ್ ಮೀರಬಾರದು, ಕ್ರಾಫ್ಟ್ ಅಲ್ಲದ ಮದ್ಯದ ಕಂಪನಿಯ ಪಾಲು 25 ಶೇಕಡಾಕ್ಕಿಂತ ಕಡಿಮೆ ಇರಬೇಕು. 2011ರಲ್ಲಿ ಗೂಸ್ ಐಲೆಂಡನ್ನು ಬಡ್‌ವೈಸರ್ ಮಾಡುವ ಕಂಪನಿ ಕೊಂಡಿತು, ಅಲ್ಲಿಗೆ ಅದು ಈ ಲೆಕ್ಕದಿಂದ ಹೊರಗೆ. ಒಡೆತನ ಬದಲಾದ ದಿನವೇ ರುಚಿ ಕೆಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಅಂಗಡಿಯ ಕಪಾಟಿನಲ್ಲಿ ಯಾರ ಬಿಯರ್‌ಗೆ ಜಾಗ ಸಿಗುತ್ತದೆ, ಯಾರದಕ್ಕೆ ಸಿಗುವುದಿಲ್ಲ ಅನ್ನುವುದು ಬದಲಾಗುತ್ತದೆ. ಕಾಲವೂ ಈಗ ಚೆನ್ನಾಗಿಲ್ಲ. 2024ರಲ್ಲಿ ಈ ದೇಶದಲ್ಲಿ ಹೊಸದಾಗಿ ತೆರೆದ ಬ್ರೂವರಿಗಳಿಗಿಂತ ಮುಚ್ಚಿದವು ಜಾಸ್ತಿ. ಆಂಕರನ್ನು 2017ರಲ್ಲಿ ಜಪಾನಿನ ಸಪ್ಪೋರೊ ಕೊಂಡಿತು, 2023ರಲ್ಲಿ ಮುಚ್ಚಿತು. ಲಿಬರ್ಟಿ ಏಲ್ ಹುಟ್ಟಿದ ಮನೆ ಅದು. ಆ ಸುದ್ದಿ ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ನಿಮ್ಮ ಊರಿನ ಸಣ್ಣ ಟ್ಯಾಪ್‌ರೂಮ್ ಉಳಿಯಬೇಕು ಅಂತಿದ್ದರೆ ಅಲ್ಲಿಗೇ ಹೋಗಿ, ಅಲ್ಲೇ ಕೊಳ್ಳಿ.

ಸಸ್ಯಾಹಾರಿಗಳಿಗೆ ಆಗುತ್ತಾ ಅನ್ನುವ ಪ್ರಶ್ನೆ ಬಂತು. ಹೆಚ್ಚಿನವು ಆಗುತ್ತವೆ. ಬಿಯರ್ ತಿಳಿ ಮಾಡಲು ಮೀನಿನ ಗಾಳಿಚೀಲದಿಂದ ಮಾಡಿದ ಅಂಟು ಬಳಸುವ ಹಳೆಯ ಪದ್ಧತಿ ಇಂಗ್ಲೆಂಡಿನಲ್ಲಿದೆ, ಇಲ್ಲೂ ಕೆಲವರು ಅದನ್ನೋ ಜೆಲಟಿನ್ನೋ ಬಳಸಬಹುದು. ಕೇಳಿದರೆ ಹೇಳುತ್ತಾರೆ. ಆಯ್ಸ್ಟರ್ ಸ್ಟೌಟ್ ಅಂತ ಬರೆದಿದ್ದರೆ ನಿಜವಾದ ಚಿಪ್ಪುಮೀನು ಹಾಕಿರಬಹುದು, ನೋಡಿಕೊಳ್ಳಿ. ಮಿಲ್ಕ್ ಸ್ಟೌಟ್‌ನಲ್ಲಿ ಹಾಲಿನ ಸಕ್ಕರೆ ಇರುತ್ತದೆ. ಈಸ್ಟ್ ಅದನ್ನು ತಿನ್ನಲಾರದು, ಹಾಗಾಗಿ ಸಿಹಿ ಉಳಿಯುತ್ತದೆ. ಹಾಲು ಒಗ್ಗದವರು ದೂರ ಇರಿ.

ಊರಿಗೆ ಹೋದಾಗ ಇಂಥದ್ದು ಸಿಗುತ್ತಾ ಅಂತ ಇನ್ನೊಬ್ಬರು ಕೇಳಿದರು. ಬೆಂಗಳೂರಿನಲ್ಲಿ ಈಗ ಬ್ರೂಪಬ್‌ಗಳಿಗೆ ಕೊರತೆ ಇಲ್ಲ. ನೇರ ಅಮೆರಿಕದ ನಂಟು ಬೇಕಾದರೆ ಆರ್ಬರ್ ಬ್ರೂಯಿಂಗ್ ಇದೆ. ಮಿಶಿಗನ್‌ನ ಆನ್ ಆರ್ಬರ್ ಊರಿನಲ್ಲಿ 1995ರಲ್ಲಿ ಶುರುವಾದ ಬ್ರೂಪಬ್ಬಿನ ಹೆಸರಲ್ಲಿ, ಅವರ ಜೊತೆ ಸೇರಿ, 2012ರಲ್ಲಿ ಮ್ಯಾಗ್ರತ್ ರಸ್ತೆಯಲ್ಲಿ ತೆರೆದದ್ದು. ಹಾಪ್ಸ್ ಮಾತ್ರ ಹೊರಗಿನಿಂದಲೇ ಬರಬೇಕು. ಅದಕ್ಕೆ ಬೇಸಿಗೆಯಲ್ಲಿ ಉದ್ದ ಹಗಲು, ಚಳಿಗಾಲದಲ್ಲಿ ಒಳ್ಳೆ ಚಳಿ ಬೇಕು. ಕರ್ನಾಟಕದಲ್ಲಿ ಎರಡೂ ಇಲ್ಲ.

ಹಾಪ್ಸ್ ತೋಟ ನೋಡಬೇಕು, ಯಾವಾಗ ಎಲ್ಲಿಗೆ ಹೋಗಬೇಕು ಅನ್ನುವುದು ಕೊನೆಯ ಪ್ರಶ್ನೆ. ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಗೆ ಹೋಗಿ. ಅಮೆರಿಕದ ಹಾಪ್ಸ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಆ ರಾಜ್ಯದ್ದು. ಪರ್ವತದ ಮಳೆ ನೆರಳಿನಲ್ಲಿರುವ ಒಣ ಜಾಗ, ಹಾಗಾಗಿ ಬಳ್ಳಿಗೆ ಬೂಷ್ಟು ರೋಗ ಕಡಿಮೆ. ನೀರು ಹಿಮ ಕರಗಿ ಕಾಲುವೆಯಲ್ಲಿ ಬರುತ್ತದೆ. ಪಾನನಿಷೇಧದ ನಂತರ ದೇಶದ ಮೊದಲ ಬ್ರೂಪಬ್ ಶುರುವಾದದ್ದೂ ಆ ಊರಿನಲ್ಲೇ, 1982ರಲ್ಲಿ ಬರ್ಟ್ ಗ್ರಾಂಟ್ ಮಾಡಿದ್ದು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವವರೆಗೆ ಕೊಯ್ಲು. ಹದಿನೆಂಟು ಅಡಿ ಎತ್ತರಕ್ಕೆ ಕಟ್ಟಿದ ತಂತಿಗಳಿಂದ ಬಳ್ಳಿಗಳನ್ನು ಬುಡದ ಹತ್ತಿರ ಕತ್ತರಿಸಿ ಲಾರಿಯಲ್ಲಿ ಒಯ್ಯುತ್ತಾರೆ, ಹೂ ಬಿಡಿಸಿ ಕೂಡಲೇ ಒಣಗಿಸುತ್ತಾರೆ. ಹಸಿ ಹೂ ಬಹಳ ಬೇಗ ಕೆಡುತ್ತದೆ. ಆ ವಾರಗಳಲ್ಲಿ ಮಾತ್ರ ಒಂದು ಬಿಯರ್ ಮಾಡುತ್ತಾರೆ. ಒಣಗಿಸದ ಹೂವನ್ನು ಒಂದು ದಿನದೊಳಗೆ ಹಂಡೆಗೆ ಹಾಕಿ ಮಾಡುವ ಫ್ರೆಶ್ ಹಾಪ್ ಏಲ್. ಸಿಯೆರಾ ನೆವಾಡ 1996ರಲ್ಲಿ ಇಂಥದ್ದನ್ನು ಮಾಡಿ ದಾರಿ ತೋರಿಸಿತು. ಈಗ ಇಲ್ಲಿನ ಸಣ್ಣ ಬ್ರೂವರಿಗಳೂ ರಾತ್ರಿಯೆಲ್ಲ ಟ್ರಕ್ ಓಡಿಸಿಕೊಂಡು ಹೋಗಿ ಹೂ ತರುತ್ತವೆ. ಯಾಕಿಮಾಗೆ ಹೋಗಲು ಆಗದವರು ಸೆಪ್ಟೆಂಬರ್ ಕೊನೆಯ ವಾರದಿಂದ ನಿಮ್ಮ ಊರಿನ ಟ್ಯಾಪ್‌ರೂಮಿನಲ್ಲಿ ಫ್ರೆಶ್ ಹಾಪ್ ಬಂತಾ ಅಂತ ಕೇಳುತ್ತಿರಿ. ಬಂದ ವಾರವೇ ಕುಡಿಯಿರಿ. ನವೆಂಬರ್‌ಗೆ ಆ ಹಸಿರು ಘಮ ಇರುವುದಿಲ್ಲ, ಮತ್ತೆ ಬೇಕೆಂದರೆ ಮುಂದಿನ ಕೊಯ್ಲೇ.